ಶ್ರೀಮಂತರು ತಮ್ಮ ಪಾಲಿನ ತೆರಿಗೆ ಕಟ್ಟುತ್ತಿದ್ದಾರಾ?

ಪ್ರಶ್ನೆ: ಸರ್, ನನ್ನ ಸಂಬಳ ಕೈಗೆ ಬರುವ ಮೊದಲೇ ತೆರಿಗೆ ಮುರಿದುಕೊಂಡಿರುತ್ತಾರೆ. ‘ದೊಡ್ಡ ಶ್ರೀಮಂತರು ತೆರಿಗೆ ಕಟ್ಟುವುದೇ ಇಲ್ಲ’ ಎಂದು ಒಬ್ಬರು ಬರೆಯುತ್ತಾರೆ. ‘ಸರ್ಕಾರ ನಡೆಯುತ್ತಿರುವುದೇ ಅವರು ಕಟ್ಟುವ ತೆರಿಗೆಯಿಂದ’ ಎಂದು ಇನ್ನೊಬ್ಬರು ಬರೆಯುತ್ತಾರೆ. ಇಬ್ಬರ ಕೈಯಲ್ಲೂ ಅಂಕಿಅಂಶ ಇರುತ್ತದೆ. ಯಾರನ್ನು ನಂಬಲಿ?

ಉತ್ತರ: ಇಬ್ಬರ ಅಂಕಿಅಂಶವೂ ಸರಿಯಾಗಿಯೇ ಇರಬಹುದು. ಒಬ್ಬೊಬ್ಬರು ಒಂದೊಂದು ಗುಂಪನ್ನು ಲೆಕ್ಕ ಹಾಕಿರುತ್ತಾರೆ, ಅಷ್ಟೇ.

ಅಮೆರಿಕದ ಲೆಕ್ಕವನ್ನೇ ನೋಡೋಣ. ಅಲ್ಲಿನ ತೆರಿಗೆ ಇಲಾಖೆ ಪ್ರತಿವರ್ಷ ವಿವರಗಳನ್ನು ಬಿಡಿಸಿ ಪ್ರಕಟಿಸುತ್ತದೆ. 2022ರಲ್ಲಿ ಆದಾಯದ ಪಟ್ಟಿಯಲ್ಲಿ ಎಲ್ಲರಿಗಿಂತ ಮೇಲಿದ್ದ ಶೇ 1ರಷ್ಟು ಜನ ಕೇಂದ್ರದ ಆದಾಯ ತೆರಿಗೆಯಲ್ಲಿ ಶೇ 40.4ರಷ್ಟನ್ನು ಕಟ್ಟಿದರು. ಆ ವರ್ಷದ ಒಟ್ಟು ಆದಾಯದಲ್ಲಿ ಅವರ ಪಾಲು ಇದ್ದದ್ದು ಶೇ 22.4. ಕೆಳಗಿನ ಅರ್ಧದಷ್ಟು ಜನ ಸೇರಿ ಕಟ್ಟಿದ್ದು ಶೇ 3 ಮಾತ್ರ. ಇದನ್ನು ನೋಡಿದರೆ ‘ಪಾಪ, ಶ್ರೀಮಂತರ ಮೇಲೆಯೇ ಎಲ್ಲ ಭಾರ’ ಅನ್ನಿಸುತ್ತದೆ, ಅಲ್ವಾ?

ಈಗ ಇನ್ನೊಂದು ಲೆಕ್ಕ. 2021ರಲ್ಲಿ ಶ್ವೇತಭವನದ ಅರ್ಥಶಾಸ್ತ್ರಜ್ಞರು ದೇಶದ ಅತಿ ಶ್ರೀಮಂತ 400 ಕುಟುಂಬಗಳನ್ನು ಮಾತ್ರ ಬೇರೆ ಮಾಡಿ ನೋಡಿದರು. 2010ರಿಂದ 2018ರವರೆಗೆ ಅವರು ಕಟ್ಟಿದ ಆದಾಯ ತೆರಿಗೆ ಸರಾಸರಿ ಶೇ 8.2 ಎಂದು ಅಂದಾಜಿಸಿದರು. ಸಾಧಾರಣ ಸಂಬಳದವರಲ್ಲೂ ಎಷ್ಟೋ ಜನ ಇದಕ್ಕಿಂತ ಜಾಸ್ತಿ ಕಟ್ಟುತ್ತಾರೆ.

ಇಷ್ಟೊಂದು ವ್ಯತ್ಯಾಸ ಹೇಗೆ ಬಂತು? ಎರಡು ಕಾರಣಗಳಿವೆ. ಮೊದಲನೆಯದು, ಶೇ 1ರ ಗುಂಪಿಗೆ ಸೇರಲು 2022ರಲ್ಲಿ ವರ್ಷಕ್ಕೆ ಸುಮಾರು 6.6 ಲಕ್ಷ ಡಾಲರ್ ಆದಾಯ ಇದ್ದರೆ ಸಾಕಿತ್ತು. ದೊಡ್ಡ ಆಸ್ಪತ್ರೆಯ ಸರ್ಜನ್, ಹೆಸರಾಂತ ವಕೀಲ, ಕಂಪನಿಯ ಮೇಲ್ದರ್ಜೆಯ ಮ್ಯಾನೇಜರ್ ಇಂಥವರೆಲ್ಲ ಅದರಲ್ಲಿ ಬರುತ್ತಾರೆ. ಇವರಿಗೆ ಹಣ ಬರುವುದು ಹೆಚ್ಚಾಗಿ ಸಂಬಳ ಅಥವಾ ಫೀಸಿನ ರೂಪದಲ್ಲಿ. ಅಲ್ಲಿ ಮೇಲಿನ ಸ್ಲ್ಯಾಬ್ ಶೇ 37. ಸಂಬಳವನ್ನು ಬಚ್ಚಿಡಲು ಬರುವುದಿಲ್ಲ, ಮುಂದಿನ ವರ್ಷಗಳಿಗೆ ತಳ್ಳುವುದೂ ಸುಲಭವಲ್ಲ. ಹಾಗಾಗಿ ಇವರು ತೆರಿಗೆ ಕಟ್ಟಿಯೇ ಕಟ್ಟುತ್ತಾರೆ, ಅದೂ ಸಾಕಷ್ಟು.

ಎರಡನೆಯ ಕಾರಣ ಮುಖ್ಯವಾದದ್ದು. 400 ಕುಟುಂಬಗಳ ಲೆಕ್ಕದಲ್ಲಿ ಷೇರುಗಳ ಬೆಲೆ ಏರಿದ್ದನ್ನೂ ಆದಾಯ ಎಂದು ಹಿಡಿದಿದ್ದಾರೆ. ಕಾನೂನು ಹಾಗೆ ಹಿಡಿಯುವುದಿಲ್ಲ. ಬೇರೆಲ್ಲ ದೇಶಗಳಲ್ಲೂ ಹೆಚ್ಚುಕಮ್ಮಿ ಇದೇ ನಿಯಮ. ಷೇರು ನಿಮ್ಮ ಹತ್ತಿರ ಇರುವಷ್ಟು ದಿನ ಅದರ ಬೆಲೆ ಎಷ್ಟೇ ಏರಲಿ, ತೆರಿಗೆ ಇಲ್ಲ. ಮಾರಿದ ದಿನ ಮಾತ್ರ ತೆರಿಗೆ.

ಇದರಲ್ಲಿ ತಪ್ಪೇನು ಎಂದು ನೀವು ಕೇಳಬಹುದು. ಮಾರದೆ ಹಣ ಎಲ್ಲಿಂದ ಬರುತ್ತದೆ, ಎಂದಾದರೂ ಒಂದು ದಿನ ಮಾರಲೇಬೇಕಲ್ಲ? ಮಾರಬೇಕಾಗಿಲ್ಲ. ಇದನ್ನು ಸ್ವಲ್ಪ ನಿಧಾನವಾಗಿ ನೋಡಿ.

ಒಬ್ಬರು ಸ್ವಂತ ಕಂಪನಿ ಕಟ್ಟಿದ್ದಾರೆ. ಅವರ ಷೇರುಗಳ ಬೆಲೆ ಇವತ್ತು 1000 ಕೋಟಿ. ಶುರುವಿನಲ್ಲಿ ಹಾಕಿದ್ದು ಏನೇನೂ ಅಲ್ಲ ಎಂದಿಟ್ಟುಕೊಳ್ಳಿ. ವರ್ಷದ ಖರ್ಚಿಗೆ ಅವರಿಗೆ 10 ಕೋಟಿ ಬೇಕು. ಷೇರು ಮಾರಿದರೆ ಅಮೆರಿಕದಲ್ಲಿ ದೀರ್ಘಾವಧಿ ಬಂಡವಾಳ ಲಾಭದ (ಬಹಳ ದಿನ ಇಟ್ಟುಕೊಂಡು ಮಾರಿದಾಗ ಬರುವ ಲಾಭದ) ಮೇಲೆ ಕೇಂದ್ರದ ಮೇಲಿನ ದರ, ಎಲ್ಲ ಸೇರಿ, ಶೇ 23.8. ಕೈಗೆ 10 ಕೋಟಿ ಸಿಗಬೇಕಾದರೆ ಸುಮಾರು 13.1 ಕೋಟಿಯ ಷೇರು ಮಾರಬೇಕು. ಅದರಲ್ಲಿ 3.1 ಕೋಟಿ ತೆರಿಗೆಗೆ ಹೋಗುತ್ತದೆ.

ಅವರು ಹಾಗೆ ಮಾಡುವುದಿಲ್ಲ. ಷೇರನ್ನು ಬ್ಯಾಂಕಿನಲ್ಲಿ ಒತ್ತೆ ಇಟ್ಟು 10 ಕೋಟಿ ಸಾಲ ಪಡೆಯುತ್ತಾರೆ. ಸಾಲ ಎಂದರೆ ಆದಾಯ ಅಲ್ಲ, ಅದಕ್ಕೆ ತೆರಿಗೆ ಇಲ್ಲ. ಇಷ್ಟು ಗಟ್ಟಿ ಒತ್ತೆ ಇದ್ದರೆ ಬಡ್ಡಿಯೂ ಕಡಿಮೆ. ಶೇ 5 ಎಂದರೂ ವರ್ಷಕ್ಕೆ 50 ಲಕ್ಷ. ಅದೇ ವರ್ಷ ಷೇರುಗಳ ಬೆಲೆ ಶೇ 8ರಷ್ಟು ಏರಿದರೆ ಅವರ ಸಂಪತ್ತಿಗೆ 80 ಕೋಟಿ ಸೇರುತ್ತದೆ. ಬಡ್ಡಿ ಕಟ್ಟಲು ಇನ್ನಷ್ಟು ಸಾಲ ತೆಗೆದರೂ ಏನೂ ಬಾಧಕವಿಲ್ಲ. ತೆರಿಗೆ ಇಲಾಖೆಯ ಕಾಗದದಲ್ಲಿ ಇವರ ಆದಾಯ ಸೊನ್ನೆಯ ಹತ್ತಿರ ಇರುತ್ತದೆ.

ಸತ್ತ ಮೇಲೆ ಏನಾಗುತ್ತದೆ? ಇದನ್ನು ಕೇಳಿದವರು ಸಾಮಾನ್ಯವಾಗಿ ಒಂದು ಸಲಕ್ಕೆ ನಂಬುವುದೇ ಇಲ್ಲ. ಅಮೆರಿಕದ ಕಾನೂನಿನ ಪ್ರಕಾರ ಆ ಷೇರು ಮಕ್ಕಳ ಕೈಗೆ ಬಂದಾಗ, ಸಾವಿನ ದಿನದ ಬೆಲೆಗೇ ಅವರು ಅದನ್ನು ಕೊಂಡಂತೆ ಲೆಕ್ಕ. ಅಪ್ಪನ ಕಾಲದಲ್ಲಿ ಏರಿದ ಅಷ್ಟೂ ಬೆಲೆಯ ಮೇಲಿನ ಆದಾಯ ತೆರಿಗೆ ಅಲ್ಲಿಗೆ ಅಳಿಸಿಹೋಯಿತು. ಮಕ್ಕಳು ಮರುದಿನವೇ ಒಂದಷ್ಟು ಷೇರು ಮಾರಿ ಅಪ್ಪನ ಸಾಲ ತೀರಿಸಿದರೂ ಲಾಭ ಎಂಬುದೇ ಇಲ್ಲ, ತೆರಿಗೆಯೂ ಇಲ್ಲ. ದೊಡ್ಡ ಆಸ್ತಿಗಳಿಗೆ ಶೇ 40ರ ವಾರಸಾ ತೆರಿಗೆ ಬೇರೆ ಇದೆ ನಿಜ. ಆದರೆ 2025ರಲ್ಲಿ ತೀರಿಕೊಂಡ ಒಬ್ಬೊಬ್ಬರಿಗೂ ಸುಮಾರು 1.4 ಕೋಟಿ ಡಾಲರ್ ವಿನಾಯಿತಿ ಇತ್ತು. ಅದರ ಮೇಲಿನದ್ದನ್ನು ಟ್ರಸ್ಟ್‌ಗಳ ಮೂಲಕ ದಾಟಿಸುವ ದಾರಿಗಳೂ ಇವೆ. ನೀವು ಚಾಪೆ ಕೆಳಗೆ ತೂರಿದರೆ ಅವರ ವಕೀಲರು ರಂಗೋಲಿ ಕೆಳಗೆ ತೂರುತ್ತಾರೆ.

ಇದರಲ್ಲಿ ಯಾವುದೂ ತೆರಿಗೆಗಳ್ಳತನ ಅಲ್ಲ. ಎಲ್ಲವೂ ಕಾನೂನಿನೊಳಗೇ ಇದೆ. ನನಗೆ ಸಿಟ್ಟು ಬರುವುದು ಅದಕ್ಕೇ.

ಹೂಡಿಕೆದಾರ ವಾರೆನ್ ಬಫೆಟ್ 2011ರಲ್ಲಿ ತಮ್ಮದೇ ಲೆಕ್ಕ ಬಹಿರಂಗ ಮಾಡಿದ್ದರು. ಹಿಂದಿನ ವರ್ಷ ಅವರು ಕಟ್ಟಿದ ಕೇಂದ್ರ ತೆರಿಗೆ ಸುಮಾರು 69 ಲಕ್ಷ ಡಾಲರ್. ಮೊತ್ತ ದೊಡ್ಡದೇ. ಆದರೆ ಅದು ಅವರ ತೆರಿಗೆಗೆ ಒಳಪಟ್ಟ ಆದಾಯದ ಶೇ 17.4 ಮಾತ್ರ. ಅವರ ಕಚೇರಿಯ ಉಳಿದ 20 ಮಂದಿ ಕಟ್ಟಿದ್ದು ಶೇ 33ರಿಂದ 41. ಅವರದೇ ಆಫೀಸಿನಲ್ಲಿ ಅವರೇ ಎಲ್ಲರಿಗಿಂತ ಕಡಿಮೆ ದರ ಕಟ್ಟುತ್ತಿದ್ದರು. ಇದರಲ್ಲಿ ಷೇರುಗಳ ಬೆಲೆ ಏರಿದ್ದನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ ಎಂಬುದನ್ನು ಗಮನಿಸಿ.

ಆ ಸಿಬ್ಬಂದಿಯ ದರ ಅಷ್ಟು ಮೇಲೆ ಹೋಗಲು ಒಂದು ಕಾರಣ ಸಾಮಾಜಿಕ ಭದ್ರತೆಯ ತೆರಿಗೆ, ಅಂದರೆ ಪಿಂಚಣಿಯಂಥ ಸೌಲಭ್ಯಗಳಿಗಾಗಿ ಸಂಬಳದಿಂದ ಮುರಿದುಕೊಳ್ಳುವ ಹಣ. ಮೊದಲು ಹೇಳಿದ ಶೇ 40.4ರ ಲೆಕ್ಕದಲ್ಲಿ ಇದು ಸೇರಿಯೇ ಇಲ್ಲ. ಈಗ ಸಂಬಳದಿಂದ ಶೇ 6.2 ಇದಕ್ಕೆ ಹೋಗುತ್ತದೆ, ಮಾಲೀಕರೂ ಅಷ್ಟೇ ಹಾಕುತ್ತಾರೆ. ಆದರೆ ಒಂದು ಮಿತಿ ದಾಟಿದ ಸಂಬಳಕ್ಕೆ ಇದು ಇಲ್ಲ, 2025ರಲ್ಲಿ ಆ ಮಿತಿ 1,76,100 ಡಾಲರ್ ಇತ್ತು. ಅದರ ಹತ್ತರಷ್ಟು ಸಂಬಳ ಇರುವವರಿಗೆ ಇದೇ ತೆರಿಗೆ ಶೇ 0.62 ಆಗಿಬಿಡುತ್ತದೆ. ಡಿವಿಡೆಂಡ್ ಮತ್ತು ಷೇರು ಲಾಭದಲ್ಲೇ ಬದುಕುವವರು ಇದಕ್ಕೆ ಒಂದು ಡಾಲರ್ ಕೂಡ ಕೊಡಬೇಕಾಗಿಲ್ಲ.

ಇನ್ನು ವಸ್ತು ಮತ್ತು ಸೇವೆಗಳ ಮೇಲಿನ ತೆರಿಗೆ. ಮುಂದುವರಿದ ದೇಶಗಳಲ್ಲೂ ಒಟ್ಟು ತೆರಿಗೆಯಲ್ಲಿ ಹತ್ತರಲ್ಲಿ ಮೂರು ಪಾಲಿನಷ್ಟು ಇದರಿಂದಲೇ ಬರುತ್ತದೆ. ಬಂದದ್ದನ್ನೆಲ್ಲ ಖರ್ಚು ಮಾಡಲೇಬೇಕಾದ ಕುಟುಂಬ ತನ್ನ ಆದಾಯದ ಹೆಚ್ಚುಕಮ್ಮಿ ಎಲ್ಲದರ ಮೇಲೂ ಈ ತೆರಿಗೆ ಕೊಡುತ್ತದೆ. ನೂರರಲ್ಲಿ ಐದು ಖರ್ಚು ಮಾಡುವವರು ಆ ಐದರ ಮೇಲೆ ಕೊಡುತ್ತಾರೆ. ‘ಬಡವರು ತೆರಿಗೆ ಕಟ್ಟುವುದಿಲ್ಲ’ ಎಂದು ಯಾರಾದರೂ ನಿಮ್ಮೆದುರು ಹೇಳಿದರೆ ಸುಮ್ನೆ ಒಪ್ಪಿಕೊಳ್ಳಬೇಡಿ.

ನನ್ನ ಉತ್ತರ ಇಷ್ಟು. ದುಡಿಮೆಯಿಂದ ಶ್ರೀಮಂತರಾದವರು ಬಹುಪಾಲು ನ್ಯಾಯವಾಗಿಯೇ ಕಟ್ಟುತ್ತಿದ್ದಾರೆ, ಅವರನ್ನು ಬೈಯುವುದು ತಪ್ಪು. ಆಸ್ತಿ ಬೆಳೆಯುವುದರಿಂದಲೇ ಶ್ರೀಮಂತರಾಗಿ ಉಳಿದಿರುವ ತುದಿಯ ಕೆಲವರು ಕಟ್ಟುತ್ತಿಲ್ಲ.

ಪ್ರಶ್ನೆ: ಹಿಂದೆ ಶ್ರೀಮಂತರಿಗೆ ಶೇ 90ಕ್ಕೂ ಮೇಲೆ ತೆರಿಗೆ ಇತ್ತಂತೆ. ಆ ದರವನ್ನೇ ಮತ್ತೆ ತಂದರೆ ಆಗುವುದಿಲ್ಲವೇ?

ಉತ್ತರ: ದರ ಇದ್ದದ್ದು ನಿಜ. 1950ರ ದಶಕದಲ್ಲಿ ಅಮೆರಿಕದ ಮೇಲಿನ ಸ್ಲ್ಯಾಬ್ ಶೇ 91. ಭಾರತದಲ್ಲಿ 1973-74ರಲ್ಲಿ ಸರ್‌ಚಾರ್ಜ್ ಸೇರಿ ಶೇ 97.75ರವರೆಗೆ ಹೋಗಿತ್ತು. ಆದರೆ ಆ ದರವನ್ನು ನಿಜವಾಗಿ ಕಟ್ಟಿದವರು ಬೆರಳೆಣಿಕೆಯಷ್ಟು. ಆದಾಯವನ್ನು ಬಂಡವಾಳ ಲಾಭ ಎಂದು ತೋರಿಸುವುದು, ಕಂಪನಿಯೊಳಗೇ ಹಣ ಉಳಿಸಿಕೊಳ್ಳುವುದು, ಲೆಕ್ಕದಿಂದಲೇ ಹೊರಗಿಡುವುದು ಎಲ್ಲವೂ ನಡೆಯುತ್ತಿತ್ತು. 1969ರ ಜನವರಿಯಲ್ಲಿ ಅಮೆರಿಕದ ಹಣಕಾಸು ಮಂತ್ರಿ ಜೋಸೆಫ್ ಬಾರ್ ಅಲ್ಲಿನ ಸಂಸತ್ತಿನ ಮುಂದೆ ಒಂದು ಮಾಹಿತಿ ಇಟ್ಟರು. ವರ್ಷಕ್ಕೆ 2 ಲಕ್ಷ ಡಾಲರ್‌ಗಿಂತ ಹೆಚ್ಚು ಆದಾಯವಿದ್ದ 155 ಮಂದಿ ಒಂದು ಪೈಸೆ ಆದಾಯ ತೆರಿಗೆಯನ್ನೂ ಕಟ್ಟಿರಲಿಲ್ಲ. ಮೇಲಿನ ದರ ಆಗಲೂ ಶೇ 70ಕ್ಕಿಂತ ಕಡಿಮೆ ಇರಲಿಲ್ಲ. ಜನ ರೊಚ್ಚಿಗೆದ್ದರು, ಅದೇ ವರ್ಷ ಕನಿಷ್ಠ ತೆರಿಗೆಯ ಕಾನೂನು ಬಂತು.

ಹಾಗಾಗಿ ದರದ ಬಗ್ಗೆ ಜಗಳ ಆಡುವ ಮೊದಲು ಯಾವುದನ್ನು ಆದಾಯ ಎಂದು ಎಣಿಸುತ್ತಾರೆ ಎಂದು ನೋಡಿ. ಸೊನ್ನೆ ಆದಾಯದ ಮೇಲೆ ಶೇ 90 ಹಾಕಿದರೂ ಬರುವುದು ಸೊನ್ನೆಯೇ. ದರ ಏರಿಸಿ ಈ ದಾರಿಗಳನ್ನು ತೆರೆದೇ ಬಿಟ್ಟರೆ ಪೆಟ್ಟು ಬೀಳುವುದು ಆ ಸರ್ಜನ್‌ಗೆ.

ಪ್ರಶ್ನೆ: ಹಾಗಾದರೆ ಸಂಪತ್ತಿನ ಮೇಲೆಯೇ ತೆರಿಗೆ ಹಾಕಬಾರದೇ? ಹಾಕಿದರೆ ದೇಶ ಬಿಟ್ಟು ಹೋಗುತ್ತಾರೆ ಎಂಬ ಮಾತು ನಿಜವೇ?

ಉತ್ತರ: ಕೆಲವರು ಹೋಗುತ್ತಾರೆ. ನಾರ್ವೆ 2022ರಲ್ಲಿ ಸಂಪತ್ತು ತೆರಿಗೆಯ ಮೇಲಿನ ದರವನ್ನು ಶೇ 1.1ಕ್ಕೆ ಏರಿಸಿದಾಗ ಅಲ್ಲಿನ ಹಲವು ದೊಡ್ಡ ಶ್ರೀಮಂತರು ಸ್ವಿಟ್ಜರ್ಲೆಂಡ್‌ಗೆ ಹೋದರು. ಆದರೆ ಸ್ವಿಟ್ಜರ್ಲೆಂಡ್‌ನಲ್ಲೂ ಸಂಪತ್ತು ತೆರಿಗೆ ಇದೆ. ಅಲ್ಲಿನ ಪ್ರಾಂತ್ಯಗಳು ಅದನ್ನು ದಶಕಗಳಿಂದ ವಸೂಲಿ ಮಾಡುತ್ತಿವೆ. ಅಂದರೆ ತೆರಿಗೆ ಇರುವ ಕಡೆಗೂ ಜನ ಹೋಗುತ್ತಾರೆ. ದರ ಎಷ್ಟು, ಒಟ್ಟಾರೆ ಎಷ್ಟು ಕಟ್ಟಬೇಕಾಗುತ್ತದೆ ಎಂಬುದೇ ಅವರಿಗೆ ಮುಖ್ಯ.

ಸಂಪತ್ತು ತೆರಿಗೆಯ ಇತಿಹಾಸ ಅಷ್ಟೇನೂ ಹೆಮ್ಮೆ ಪಡುವಂಥದ್ದಲ್ಲ. 1990ರಲ್ಲಿ ಒಇಸಿಡಿ ಎಂಬ, ಹೆಚ್ಚಾಗಿ ಮುಂದುವರಿದ ದೇಶಗಳೇ ಇರುವ ಗುಂಪಿನ 12 ದೇಶಗಳಲ್ಲಿ ಇತ್ತು, 2017ರ ಹೊತ್ತಿಗೆ ನಾಲ್ಕಕ್ಕೆ ಇಳಿದಿತ್ತು. ಭಾರತ 1957ರಲ್ಲಿ ಶುರು ಮಾಡಿದ್ದನ್ನು 2015ರ ಬಜೆಟ್‌ನಲ್ಲಿ ಕೈಬಿಟ್ಟಿತು. 2013-14ರಲ್ಲಿ ಅದರಿಂದ ಇಡೀ ದೇಶದಲ್ಲಿ ಬಂದದ್ದು 1,008 ಕೋಟಿ ರೂಪಾಯಿ ಮಾತ್ರ. ಷೇರುಗಳೇ ಅದರ ವ್ಯಾಪ್ತಿಯಲ್ಲಿ ಇರಲಿಲ್ಲ. ನಿಜವಾದ ದೊಡ್ಡ ಸಂಪತ್ತನ್ನು ಹೊರಗಿಟ್ಟು ಬಂಗಾರ, ಕಾರು, ಖಾಲಿ ಸೈಟುಗಳ ಬೆಲೆ ಕಟ್ಟುತ್ತಾ ಕೂತರೆ ಎಷ್ಟು ಸಿಗುತ್ತದೆ ಹೇಳಿ? ಬೇರೆ ದೇಶಗಳಲ್ಲೂ ಹೀಗೇ ಆಯಿತು. ವಿನಾಯಿತಿಗಳು ದೊಡ್ಡವರಿಗೆ ಹೋದವು. ಬೆಲೆಬಾಳುವ ಮನೆ ಇದ್ದು ಕೈಯಲ್ಲಿ ಕಾಸಿಲ್ಲದ ವೃದ್ಧರು ಸಿಕ್ಕಿಹಾಕಿಕೊಂಡರು.

ಈಗಿನ ಹೊಸ ಪ್ರಸ್ತಾಪ ಬೇರೆ ರೀತಿಯದು. ಫ್ರಾನ್ಸಿನ ಅರ್ಥಶಾಸ್ತ್ರಜ್ಞ ಗ್ಯಾಬ್ರಿಯಲ್ ಝುಕ್‌ಮನ್ 2024ರಲ್ಲಿ ಜಿ20 ದೇಶಗಳಿಗೆ ಒಂದು ವರದಿ ಕೊಟ್ಟರು. ನೂರು ಕೋಟಿ ಡಾಲರ್‌ಗಿಂತ ಹೆಚ್ಚು ಸಂಪತ್ತಿರುವ ಸುಮಾರು 3000 ಮಂದಿ ವರ್ಷಕ್ಕೆ ಕನಿಷ್ಠ ತಮ್ಮ ಸಂಪತ್ತಿನ ಶೇ 2ರಷ್ಟು ತೆರಿಗೆ ಕಟ್ಟಲೇಬೇಕು. ಆದಾಯ ತೆರಿಗೆಯಾಗಿ ಅಷ್ಟು ಕಟ್ಟಿದ್ದರೆ ಮತ್ತೇನೂ ಇಲ್ಲ, ಕಡಿಮೆ ಬಿದ್ದಿದ್ದರೆ ಅಷ್ಟನ್ನು ತುಂಬಬೇಕು. ವರ್ಷಕ್ಕೆ 20ರಿಂದ 25 ಸಾವಿರ ಕೋಟಿ ಡಾಲರ್ ಬರಬಹುದು ಎಂದು ಅವರ ಅಂದಾಜು. ರಿಯೊ ಡಿ ಜನೈರೊದಲ್ಲಿ ಜಿ20 ದೇಶಗಳು ಅತಿ ಶ್ರೀಮಂತರಿಂದ ಸರಿಯಾಗಿ ತೆರಿಗೆ ಪಡೆಯುವ ಬಗ್ಗೆ ಸಹಕರಿಸುತ್ತೇವೆ ಎಂದು ಹೇಳಿಕೆ ಕೊಟ್ಟವು. ದರದ ಬಗ್ಗೆ ಒಪ್ಪಂದ ಆಗಲಿಲ್ಲ. ಫ್ರಾನ್ಸಿನಲ್ಲೇ 2025ರಲ್ಲಿ ಇಂಥದ್ದೇ ಮಸೂದೆಗೆ ಕೆಳಮನೆ ಒಪ್ಪಿತು, ಮೇಲ್ಮನೆ ತಿರಸ್ಕರಿಸಿತು.

ನನಗೆ ಈ ಪ್ರಸ್ತಾಪ ಇಷ್ಟ. ಆದರೆ ಎಲ್ಲ ದೇಶಗಳೂ ಒಪ್ಪುವವರೆಗೆ ಕಾಯುತ್ತಾ ಕೂರಬೇಕಾಗಿಲ್ಲ. ಕೆನಡಾ ನೋಡಿ. 1972ರಿಂದಲೂ ಅಲ್ಲಿ ಒಬ್ಬರು ತೀರಿಕೊಂಡರೆ, ಅವರು ತಮ್ಮ ಆಸ್ತಿಯನ್ನೆಲ್ಲ ಆ ದಿನವೇ ಮಾರಿದಂತೆ ಲೆಕ್ಕ ಹಾಕುತ್ತಾರೆ. ಗಂಡ ಅಥವಾ ಹೆಂಡತಿಗೆ ಹೋಗುವ ಆಸ್ತಿಗೆ, ವಾಸದ ಮನೆಗೆ ರಿಯಾಯಿತಿ ಇದೆ. ಉಳಿದದ್ದರಲ್ಲಿ ಏರಿದ ಬೆಲೆಗೆ ಬಂಡವಾಳ ಲಾಭದ ತೆರಿಗೆ ಬೀಳುತ್ತದೆ. ಸಾವಿನೊಂದಿಗೆ ತೆರಿಗೆ ಅಳಿಸಿಹೋಗುವುದಿಲ್ಲ. ಅರ್ಧ ಶತಮಾನದಿಂದ ನಡೆದುಕೊಂಡು ಬಂದಿದೆ, ಯಾವ ಅನಾಹುತವೂ ಆಗಿಲ್ಲ. ಇದರ ಜೊತೆಗೆ ಷೇರು ಒತ್ತೆ ಇಟ್ಟು ತೆಗೆದ ದೊಡ್ಡ ಸಾಲವನ್ನು, ಒಂದು ಮಿತಿಯ ಮೇಲೆ, ಮಾರಾಟದಂತೆಯೇ ನೋಡಿದರೆ ಮೊದಲು ಹೇಳಿದ ದಾರಿ ಬಹುಪಾಲು ಮುಚ್ಚುತ್ತದೆ. ಇದನ್ನು ಮಾಡಲು ಯಾವ ಅಂತರರಾಷ್ಟ್ರೀಯ ಒಪ್ಪಂದವೂ ಬೇಕಾಗಿಲ್ಲ.

ಪ್ರಶ್ನೆ: ಅವರು ಕೋಟಿಗಟ್ಟಲೆ ದಾನ ಮಾಡುತ್ತಾರಲ್ಲ, ಅದನ್ನು ಲೆಕ್ಕಕ್ಕೆ ಹಿಡಿಯಬಾರದೇ?

ಉತ್ತರ: ದಾನ ದೊಡ್ಡದು, ಅದಕ್ಕೆ ನನ್ನ ಗೌರವವಿದೆ. ಆದರೆ ತೆರಿಗೆಗೆ ಬದಲಾಗಿ ಅದನ್ನು ಒಪ್ಪಲಾರೆ. ತೆರಿಗೆ ಹಣ ಎಲ್ಲಿಗೆ ಹೋಗಬೇಕು ಎಂದು ಜನ ಆರಿಸಿದವರು ತೀರ್ಮಾನಿಸುತ್ತಾರೆ. ದಾನ ಎಲ್ಲಿಗೆ ಹೋಗಬೇಕು ಎಂದು ಕೊಟ್ಟವರೇ ತೀರ್ಮಾನಿಸುತ್ತಾರೆ. ಅದೂ ಅಲ್ಲದೆ ಹಲವು ದೇಶಗಳಲ್ಲಿ ದಾನದ ಒಂದು ಭಾಗವನ್ನು ಖಜಾನೆಯೇ ಹೊರುತ್ತದೆ. ಶೇ 37ರ ಸ್ಲ್ಯಾಬ್‌ನಲ್ಲಿರುವವರು 100 ಕೊಟ್ಟರೆ ಅವರ ತೆರಿಗೆಯಲ್ಲಿ 37ರವರೆಗೆ ಕಡಿತ ಸಿಗುತ್ತಿತ್ತು. 2026ರಿಂದ ಅಮೆರಿಕ ಇದನ್ನು 35ಕ್ಕೆ ಮಿತಿಗೊಳಿಸಿದೆ. ಬೆಲೆ ಏರಿದ ಷೇರನ್ನೇ ಕೊಟ್ಟರೆ ಬಂಡವಾಳ ಲಾಭದ ತೆರಿಗೆಯೂ ತಪ್ಪುತ್ತದೆ. ಅಲ್ಲಿ ದಾನಿಗಳ ಹೆಸರಿನಲ್ಲೇ ಖಾತೆ ತೆರೆದು ಹಣ ಇಡುವ ನಿಧಿಗಳೂ ಇವೆ. ಹಣ ಹಾಕಿದ ವರ್ಷವೇ ತೆರಿಗೆ ರಿಯಾಯಿತಿ ಸಿಗುತ್ತದೆ. ಅದು ಶಾಲೆಗೋ ಆಸ್ಪತ್ರೆಗೋ ಇಂತಿಷ್ಟು ವರ್ಷದೊಳಗೆ ತಲುಪಲೇಬೇಕು ಎಂಬ ಗಡುವನ್ನು ಮಾತ್ರ ಕಾನೂನು ಹಾಕಿಲ್ಲ.