ಅಕ್ಕನ ಹಣೆಗೂ ಬಾಸಿಂಗ ಕಟ್ಟಿ

ಹೊಸನಗರ ತಾಲ್ಲೂಕಿನಿಂದ ಓದುಗರೊಬ್ಬರು ಬರೆದಿದ್ದಾರೆ. ಹೆಸರು, ಊರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ. ಪತ್ರದ ಸಾರ ಇಷ್ಟು: ಗಂಡ ತೀರಿಕೊಂಡ ಮೇಲೆ ತವರಿನಲ್ಲೇ ಇದ್ದ ಅವರ ಅಕ್ಕನಿಗೆ ಮತ್ತೆ ಸಂಬಂಧ ಕೂಡಿಬಂದಿದೆ. ವೈಶಾಖದಲ್ಲಿ ಮದುವೆ. ಎರಡೂ ಮನೆಯವರು ಸಂತೋಷದಿಂದ ಒಪ್ಪಿದ್ದಾರೆ. ಆದರೆ ನೆಂಟರಲ್ಲಿ ಹಿರಿಯರೊಬ್ಬರು, “ಗಂಡಿಗೆ ಬಾಸಿಂಗ ಕಟ್ಟಿ, ಹೆಣ್ಣಿಗೆ ಬೇಡ. ಹೆಣ್ಣಿಗೆ ಬಾಸಿಂಗ ಒಂದೇ ಸಲ” ಎಂದು ಪಟ್ಟು ಹಿಡಿದಿದ್ದಾರಂತೆ. ಬಾಸಿಂಗ ಎಲ್ಲಿಂದ ಬಂತು, ಅದರ ಅರ್ಥವೇನು, ಹಿರಿಯರ ಮಾತಿಗೆ ಶಾಸ್ತ್ರಾಧಾರ ಉಂಟೇ ಎಂದು ಕೇಳಿದ್ದಾರೆ.

ತಂಗೀ, ಶಾಸ್ತ್ರದ ಮಾತನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ನಿಮ್ಮ ಮನೆಯಲ್ಲಿ ಜಗಳ ನಿಂತಿರುವುದು ಅಲ್ಲೇ. ಮದುವೆಯ ಕ್ರಮವನ್ನು ಹೇಳುವ ಗೃಹ್ಯಸೂತ್ರಗಳಲ್ಲಿ ಪಾಣಿಗ್ರಹಣ, ಲಾಜಹೋಮ, ಸಪ್ತಪದಿ ಎಲ್ಲ ವಿವರವಾಗಿ ಬರುತ್ತವೆ. ಬಾಸಿಂಗ ಬರುವುದಿಲ್ಲ. ಆದರೆ ಆಶ್ವಲಾಯನ ಗೃಹ್ಯಸೂತ್ರ ಮದುವೆಯ ವಿಧಿಗೆ ತೊಡಗುವಾಗಲೇ, ನಾಡಿನ ಆಚಾರ ಮತ್ತು ಊರಿನ ಆಚಾರ ಬಗೆಬಗೆಯಾಗಿರುತ್ತವೆ, ಮದುವೆಯಲ್ಲಿ ಅವನ್ನೂ ನಡೆಸಬೇಕು ಎನ್ನುತ್ತದೆ. ಆಪಸ್ತಂಬ ಗೃಹ್ಯಸೂತ್ರ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಇಂಥ ಕ್ರಮಗಳನ್ನು ಹೆಂಗಸರನ್ನು ಕೇಳಿ ತಿಳಿಯಬೇಕು ಎನ್ನುತ್ತದೆ. ಬಾಸಿಂಗ ಈ ಸಾಲಿಗೆ ಸೇರಿದ್ದು. ಅದನ್ನು ಕಟ್ಟಬೇಕೇ ಬೇಡವೇ ಎಂಬುದನ್ನು ನಿಮ್ಮಮ್ಮ, ಅಜ್ಜಿ, ಚಿಕ್ಕಮ್ಮ ಕೂತು ತೀರ್ಮಾನಿಸಿದರೆ ಸೂತ್ರಕಾರರ ಮಾತಿಗೇ ನಡೆದುಕೊಂಡಂತಾಗುತ್ತದೆ. ಶಾಸ್ತ್ರದ ಹೆಸರು ಹೇಳಿ ಅಕ್ಕನ ಹಣೆಯಿಂದ ಅದನ್ನು ಕಸಿಯಲು ಬರುವುದಿಲ್ಲ.

ಬಾಸಿಂಗದ ಹುಟ್ಟು ಹೂವಿನಲ್ಲಿದೆ. ಹಳಗನ್ನಡದ ಬಾಸಿಗ ಎಂದರೆ ತಲೆಗೆ ಸುತ್ತುವ ಹೂದಂಡೆ. ತೆಲುಗರಲ್ಲಿ ಅದು ಬಾಸಿಕ, ಮರಾಠಿಗರಲ್ಲಿ ಬಾಶಿಂಗ. ದೂರದ ಬಂಗಾಳದಲ್ಲಿ ಮದುಮಗ ಇಡುವ ಟೋಪರ್, ಮದುಮಗಳ ಮುಕುಟ ಎರಡೂ ಕೆತ್ತನೆಯ ಕಸುಬಿನ ನಮ್ಮ ಗುಡಿಗಾರರು ಬಾಸಿಂಗಕ್ಕೆ ಬಳಸುವಂಥ ಬೆಂಡಿನಿಂದಲೇ, ಅಂದರೆ ನೀರುಗಿಡದ ಹಗುರವಾದ ಕಾಂಡದಿಂದಲೇ ಆಗುತ್ತವೆ. ಹಿಂದೆ ಮದುವೆಯೆಂದರೆ ಐದು ದಿನ. ಕಿತ್ತ ಹೂ ಮಧ್ಯಾಹ್ನಕ್ಕೇ ಬಾಡುತ್ತದೆ, ಬೆಂಡಿನ ಹೂ ಬಾಡುವುದಿಲ್ಲ. ಹೂದಂಡೆಯ ಜಾಗಕ್ಕೆ ಬೆಂಡು ಬಂದದ್ದು ಈ ಕಾರಣಕ್ಕೇ ಎಂದು ನಾನು ನಂಬಿದ್ದೇನೆ.

ಬೆಂಡಿನ ಗಿಡ ಕೆರೆಯಲ್ಲಿ, ಜೌಗಿನಲ್ಲಿ ಬೆಳೆಯುತ್ತದೆ. ಮಳೆಗಾಲದ ನೀರಲ್ಲಿ ನಿಂತು ಅದರ ಕಾಂಡ ದಪ್ಪವಾಗುತ್ತದೆ. ಬ್ರಿಟಿಷ್ ಸಾಹೇಬರು ಬಿಸಿಲಿಗೆ ಇಡುತ್ತಿದ್ದ ಸೋಲಾ ಟೋಪಿ ಕೂಡ ಇದೇ ಜಾತಿಯ ಗಿಡದ್ದು. ಕೆರೆಗಳೇ ತುಂಬಿರುವ ಸೊರಬ, ಸಾಗರದ ಕಡೆ ಗುಡಿಗಾರರು ಈ ಕಸುಬು ಮಾಡಿಕೊಂಡು ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಶ್ರೀಗಂಧದ ಕೆತ್ತನೆಯಿಂದ ಅವರಿಗೆ ದೇಶದೆಲ್ಲೆಡೆ ಹೆಸರು ಬಂತು. ಆದರೆ ಗಂಧದ ಪೆಟ್ಟಿಗೆ ಅರಮನೆಗೂ ಅಧಿಕಾರಿಗಳಿಗೂ ಹೋಯಿತು. ಊರವರ ಮನೆಗೆ ಗುಡಿಗಾರರ ಕೈಕೆಲಸ ಬಂದದ್ದು ಬಾಸಿಂಗದ ರೂಪದಲ್ಲಿ. ನನಗೆ ಅದು ಗಂಧದ ಕೆಲಸಕ್ಕಿಂತ ಒಂದು ತೂಕ ಹೆಚ್ಚು.

ಸಾಗರದಲ್ಲಿ ಹಿರಿಯ ಕುಶಲಕರ್ಮಿಯೊಬ್ಬರು ಬಾಸಿಂಗ ಮಾಡುವುದನ್ನು ಪಕ್ಕದಲ್ಲೇ ಕೂತು ನೋಡಿದ್ದೇನೆ. ಕಂದು ಸಿಪ್ಪೆ ಹೆರೆದರೆ ಒಳಗೆ ಹಾಲಿನಂಥ ಬಿಳುಪು. ಬಾಯಗಲದ ಕತ್ತಿಯ ಅಲುಗಿಗೆ ಕಾಂಡವನ್ನು ಒತ್ತಿ ಮೆಲ್ಲನೆ ಉರುಳಿಸುತ್ತ ಹೋದರೆ ಬೆಂಡು ಸುರುಳಿ ಬಿಚ್ಚಿದಂತೆ ತೆಳ್ಳಗಿನ ಹಾಳೆಯಾಗಿ ಹೊರಬರುತ್ತದೆ. ಅಲುಗು ಕೂದಲೆಳೆಯಷ್ಟು ವಾಲಿದರೂ ಹಾಳೆ ಹರಿಯಿತು. ಆ ಹಾಳೆಯಿಂದ ಎಸಳು ಕತ್ತರಿಸಿ, ಬೆರಳ ತುದಿಯಲ್ಲಿ ಮಡಿಸಿ ಮೊಗ್ಗು ಮಾಡುತ್ತಾರೆ. ಅಂಚಿಗೆ ಕೆಂಪು ಬಣ್ಣ, ನಡುವೆ ಬೇಗಡೆಯ ಚೂರು. ಬಿದಿರು ಸಲಾಕೆಯ ಚೌಕಟ್ಟಿಗೆ ಒಂದೊಂದೇ ಹೂ ಕೂರಿಸಿ ದಾರ ಬಿಗಿಯುತ್ತಾರೆ. ಮುಗಿದ ಬಾಸಿಂಗವನ್ನು ಅವರು ನನ್ನ ಅಂಗೈ ಮೇಲೆ ಇಟ್ಟಾಗ ಭಾರವೇ ತಿಳಿಯಲಿಲ್ಲ.

ಇನ್ನು ಅರ್ಥ. ಮದುವೆಯ ದಿನ ವಧೂವರರನ್ನು ಲಕ್ಷ್ಮೀನಾರಾಯಣರು, ಪಾರ್ವತೀಪರಮೇಶ್ವರರು ಎಂದು ಭಾವಿಸುತ್ತೇವೆ. ವಯಸ್ಸಿನಲ್ಲಿ ಹಿರಿಯರಾದ ಮಾವನವರು ಅಳಿಯನ ಕಾಲು ತೊಳೆಯುವುದು ಅದಕ್ಕೇ. ಬಾಸಿಂಗ ಆ ದೇವತ್ವದ ಕಿರೀಟ. ಕೆಟ್ಟ ಕಣ್ಣು ಬೀಳದಿರಲಿ ಎಂಬ ಆಸೆಯೂ ಅದರಲ್ಲಿ ಸೇರಿದೆ. ಹಣೆಯ ನರ ಒತ್ತುವುದರಿಂದ ಮನಸ್ಸು ಶಾಂತವಾಗುತ್ತದೆ ಎಂದು ಮೊಬೈಲಿನಲ್ಲಿ ಓಡಾಡುವ ‘ವೈಜ್ಞಾನಿಕ’ ವಿವರಣೆಯನ್ನು ದಯವಿಟ್ಟು ನಂಬಬೇಡಿ. ನಮ್ಮ ಅಜ್ಜಿಯಂದಿರು ಅಂಥದ್ದೇನನ್ನೂ ಹೇಳಿದವರಲ್ಲ, ಬಾಸಿಂಗಕ್ಕೆ ಅದರ ಅಗತ್ಯವೂ ಇಲ್ಲ.

ಗಮನಿಸಬೇಕಾದ್ದು ಬೇರೆ ಇದೆ. ತಾಳಿ ಹೆಣ್ಣಿಗೆ ಮಾತ್ರ, ಕಾಲುಂಗುರ ಹೆಣ್ಣಿಗೆ ಮಾತ್ರ. ಬಾಸಿಂಗ ಇಬ್ಬರಿಗೂ. ಗಂಡಿನದು ತುಸು ದೊಡ್ಡದು, ಹೆಣ್ಣಿನದು ಚಿಕ್ಕದು ಇರಬಹುದು, ಆದರೆ ಮಾಡುವ ಕೈ ಒಂದೇ, ಕಟ್ಟುವ ಮುಹೂರ್ತ ಒಂದೇ. ‘ಬಾಸಿಂಗಬಲ ಕೂಡಿಬಂತು’ ಎಂದು ಗಂಡಿಗೂ ಹೇಳುತ್ತೇವೆ, ಹೆಣ್ಣಿಗೂ ಹೇಳುತ್ತೇವೆ. ಹಾಗಿರುವಾಗ ಒಬ್ಬರ ಹಣೆಗೆ ಕಟ್ಟಿ ಇನ್ನೊಬ್ಬರನ್ನು ಬರಿಹಣೆಯಲ್ಲಿ ಹಸೆಗೆ ಕೂರಿಸಿದರೆ ನಾರಾಯಣ ಬಂದ, ಲಕ್ಷ್ಮಿ ಬರಲಿಲ್ಲ ಎಂದಾಗುತ್ತದೆ. ಅಂಥ ಮಂಟಪದಲ್ಲಿ ಗಂಡಿನ ಬಾಸಿಂಗಕ್ಕಾದರೂ ಏನರ್ಥ?

ಹಿರಿಯರ ಮಾತು ಅವರು ಹುಟ್ಟಿಸಿಕೊಂಡದ್ದಲ್ಲ, ಅದನ್ನೂ ಹೇಳಬೇಕು. ನಮ್ಮ ಹಲವು ಸಮುದಾಯಗಳಲ್ಲಿ ವಿಧವೆಯರ ಮರುಮದುವೆಗೆ ಅವಕಾಶವಿತ್ತು. ಉಡಿಕೆ, ಕೂಡಿಕೆ ಎಂದೆಲ್ಲ ಅದಕ್ಕೆ ಹೆಸರು. ಸೀರೆ ಉಡಿಸಿ ಸದ್ದಿಲ್ಲದೆ ಮುಗಿಸುತ್ತಿದ್ದರು. ಧಾರೆ, ಬಾಸಿಂಗ, ವಾಲಗ ಇರುತ್ತಿರಲಿಲ್ಲ. ಹೆಂಡತಿ ಸತ್ತ ಗಂಡಸು ಮತ್ತೆ ಮದುವೆಯಾದರೆ ಎಲ್ಲವೂ ಇರುತ್ತಿತ್ತು. ಬಾಳು ಕೊಟ್ಟರು, ಗೌರವ ಕೊಡಲಿಲ್ಲ. ಇದು ಅನ್ಯಾಯ, ಹಳೆಯದು ಎಂಬ ಕಾರಣಕ್ಕೆ ಅದು ನ್ಯಾಯವಾಗುವುದಿಲ್ಲ. ಬ್ರಿಟಿಷ್ ಇಂಡಿಯಾದಲ್ಲಿ 1856ರಲ್ಲಿ ಬಂದ ವಿಧವಾ ಪುನರ್ವಿವಾಹ ಕಾಯ್ದೆಯ 6ನೇ ಕಲಮೇ ಇದನ್ನು ಗುರುತಿಸಿತ್ತು: ಮೊದಲ ಮದುವೆಗೆ ಯಾವ ವಿಧಿಗಳು ಸಲ್ಲುತ್ತವೆಯೋ ಅವು ವಿಧವೆಯ ಮದುವೆಗೂ ಸಲ್ಲುತ್ತವೆ, ಈ ವಿಧಿ ವಿಧವೆಗೆ ಇಲ್ಲವೆಂದು ಹೇಳಿ ಮದುವೆಯನ್ನು ಅಸಿಂಧು ಎನ್ನುವಂತಿಲ್ಲ. ಅಷ್ಟು ಹಿಂದೆಯೇ ಕಾನೂನು ಒಪ್ಪಿದ್ದನ್ನು ನಿಮ್ಮ ಚಪ್ಪರದಲ್ಲಿ ಇನ್ನೂ ಯಾಕೆ ಚರ್ಚಿಸಬೇಕು?

ಹಿರಿಯರೊಡನೆ ವಾದಕ್ಕೆ ಇಳಿಯಬೇಡಿ. ಸಾಧ್ಯವಾದರೆ ಅಕ್ಕನ ಹಣೆಗೆ ನೀವೇ ಬಾಸಿಂಗ ಕಟ್ಟಿ ಎಂದು ಅವರನ್ನೇ ಕೇಳಿ. ಒಪ್ಪಿದರೆ ಒಳ್ಳೆಯದೇ ಆಯಿತು. ಒಪ್ಪದಿದ್ದರೆ ಸೋದರಮಾವ ಕಟ್ಟಲಿ, ಅವರೂ ಹಿಂಜರಿದರೆ ನಿಮ್ಮಮ್ಮ ಕಟ್ಟಲಿ.

ಪೇಟೆಯಲ್ಲಿ ಪ್ಲಾಸ್ಟಿಕ್ ಮಣಿಯ, ಥರ್ಮಾಕೋಲಿನ ಬಾಸಿಂಗ ಸಿಗುತ್ತದೆಯಲ್ಲ, ಸಾಲದೇ ಎಂದೂ ಬರೆದಿದ್ದೀರಿ. ಶಾಸ್ತ್ರಕ್ಕೆ ಸಾಕು, ನನ್ನ ಮನಸ್ಸಿಗೆ ಸಾಲದು. ಸಾಗರಕ್ಕೋ ಸೊರಬಕ್ಕೋ ಹೋಗಿ ಗುಡಿಗಾರರಿಗೆ ಹೇಳಿ ಮಾಡಿಸಿ. ಮದುವೆ ಕಾಲದಲ್ಲಿ ಅವರಿಗೆ ಕೈತುಂಬ ಕೆಲಸ, ತಿಂಗಳು ಮೊದಲೇ ತಿಳಿಸಿ. ಇಬ್ಬರ ಹಣೆಯ ಅಳತೆಯನ್ನು ದಾರದಲ್ಲಿ ಹಿಡಿದು ಒಯ್ಯಿರಿ. ಜೋಡಿ ಬೇಕು ಎಂದು ಮೊದಲೇ ಬಾಯಿಬಿಟ್ಟು ಹೇಳಿ, ಎರಡಕ್ಕೂ ಒಂದೇ ಬಣ್ಣ, ಒಂದೇ ಹೂವಿನ ಕೆಲಸ ಇರಲಿ.