ಮಗಳ ಬಾಣಂತನಕ್ಕೆ ಆರು ತಿಂಗಳು ಅಮೆರಿಕಕ್ಕೆ ಹೋಗುವಾಗ ಮೈಸೂರಿನ ಮನೆಯ ಸಾಮಾನನ್ನು ಹೇಗೆ ಕಟ್ಟಿಡಬೇಕು?

ಎಲ್ಲವನ್ನೂ ರಟ್ಟಿನ ಪೆಟ್ಟಿಗೆಗಳಲ್ಲಿ ತುಂಬಿ ಒಂದು ಕೋಣೆಗೆ ಬೀಗ ಹಾಕುವುದೋ, ಬಾಡಿಗೆ ಗೋದಾಮಿಗೆ ಸಾಗಿಸುವುದೋ ಎಂದು ಕೇಳಿದ್ದೀರಿ. ಮೊದಲನೆಯದನ್ನು ನಾನು ಮಾಡಿ ಅನುಭವಿಸಿದ್ದೇನೆ. ಚಾಮುಂಡಿಪುರಂನ ನಮ್ಮ ಹಳೆಯ ಮನೆಯಿಂದ ನಾನೂ ನಮ್ಮ ಯಜಮಾನರೂ ಹೊರಟದ್ದು ಮೇ ತಿಂಗಳ ಎರಡನೆಯ ವಾರದಲ್ಲಿ. ಪ್ರವಾಸಿ ವೀಸಾದವರಿಗೆ ಅಲ್ಲಿ ಸಾಮಾನ್ಯವಾಗಿ ಕೊಡುವ ಆರು ತಿಂಗಳನ್ನು ಹೆಚ್ಚುಕಡಿಮೆ ಪೂರ್ತಿ ಕಳೆದು, ನವೆಂಬರಿನಲ್ಲಿ ಹಿಂದಿರುಗಿದೆವು.

ಹೊರಡುವ ಮುನ್ನ ಹದಿನೈದು ದಿನ ನನಗೆ ಕಟ್ಟುವುದೇ ಕೆಲಸವಾಗಿತ್ತು. ದಿನಸಿ ಅಂಗಡಿಯಿಂದ ತಂದ ಹನ್ನೊಂದು ಪೆಟ್ಟಿಗೆಗಳಲ್ಲಿ ಮಾವನವರು ಬೈಂಡು ಮಾಡಿಸಿಟ್ಟಿದ್ದ ಮಾಸಪತ್ರಿಕೆಗಳು, ಮದುವೆಯ ಆಲ್ಬಮ್ಮುಗಳು, ಮಕ್ಕಳ ಜಾತಕ, ಮನೆಯ ಕ್ರಯಪತ್ರ ಎಲ್ಲವನ್ನೂ ತುಂಬಿ, ದೇವರ ಮನೆಯ ಪಕ್ಕದ ಕೋಣೆಯಲ್ಲಿ ಹಿತ್ತಲ ಕಡೆಯ ಗೋಡೆಗೆ ಒತ್ತಿ, ಕೆಂಪು ಗಾರೆಯ ನೆಲದ ಮೇಲೆ ಒಂದರ ಮೇಲೊಂದು ಜೋಡಿಸಿದೆ. ಕಿಟಕಿ ಮುಚ್ಚಿ, ಬೀಗ ಹಾಕಿ, ಆ ಕೋಣೆಯ ಬೀಗದ ಕೈಯನ್ನು ಕೈಚೀಲದಲ್ಲಿಟ್ಟುಕೊಂಡು ಅಮೆರಿಕಕ್ಕೆ ಒಯ್ದೆ.

ನಾನು ಮಾಡಿದ ತಪ್ಪು ಅದೇ. ಮುಂಬಾಗಿಲಿನ ಬೀಗದ ಕೈಯನ್ನು ಎದುರು ಮನೆಯವರಿಗೆ ಕೊಟ್ಟಿದ್ದೆ. ಅವರು ಪ್ರತಿ ಭಾನುವಾರ ಬಂದು ಕಿಟಕಿ ತೆರೆದು, ಕಸ ಗುಡಿಸಿ, ದೇವರಿಗೆ ದೀಪ ಹಚ್ಚಿ ಹೋಗುತ್ತಿದ್ದರು. ಹಾಗಿರುವಾಗ ಒಂದು ಕೋಣೆಯ ಬೀಗದ ಕೈಯನ್ನು ಮಾತ್ರ ಏಕೆ ಇಟ್ಟುಕೊಂಡೆ? ಒಡವೆಯೆಲ್ಲ ಬ್ಯಾಂಕಿನ ಲಾಕರಿನಲ್ಲಿತ್ತು, ಕಳ್ಳತನದ ಭಯವಿರಲಿಲ್ಲ. ಅವರಿಗೆ ಇನ್ನೊಂದು ಕೋಣೆ ಗುಡಿಸುವ ಶ್ರಮವೇಕೆ ಎಂದು ಯಜಮಾನರಿಗೆ ಹೇಳಿದೆನಾದರೂ, ನಿಜ ಹೇಳಬೇಕೆಂದರೆ, ಪೆಟ್ಟಿಗೆ ಬಿಚ್ಚಿ ನೋಡಿಯಾರೆಂಬ ಸಣ್ಣ ಅನುಮಾನ ನನ್ನಲ್ಲಿತ್ತು. ಇಪ್ಪತ್ತು ವರ್ಷ ಪರಸ್ಪರ ಬಾಗಿನ ಕೊಟ್ಟುಕೊಂಡವರ ಮೇಲೆ!

ಸೆಪ್ಟೆಂಬರಿನಲ್ಲಿ ಅವರ ಫೋನು ಬಂತು. ಆ ಕೋಣೆಯ ಹೊಸ್ತಿಲ ಕೆಳಗಿನಿಂದ ಮಣ್ಣಿನ ಗೆರೆಯೊಂದು ಹೊರಬಂದಿದೆ, "ಅಕ್ಕಾ, ಗೆದ್ದಲು ಹತ್ತಿರೋ ಹಾಗಿದೆ, ಬೀಗ ಒಡೆಸಲಾ?" ಎಂದು ಕೇಳಿದರು. ತೇಗದ ಬಾಗಿಲು ಹಾಳಾದೀತು, ಇನ್ನೆರಡು ತಿಂಗಳಿಗೆ ನಾವೇ ಬರುತ್ತೇವಲ್ಲ ಎಂದುಬಿಟ್ಟೆ. ಒಂದು ಚಿಲಕದ ಮರೆ ಉಳಿಸಿಕೊಳ್ಳಲು ಹೋಗಿ ಗೆದ್ದಲಿಗೆ ಎರಡು ತಿಂಗಳ ಅವಕಾಶ ಕೊಟ್ಟೆ.

ಗೆದ್ದಲಿಗೆ ಬೇಕಾದದ್ದು ಕತ್ತಲೆ, ತೇವ ಮತ್ತು ಕಾಗದ, ರಟ್ಟು, ಮರಗಳಲ್ಲಿರುವ ನಾರು. ಮೈಸೂರಿನಲ್ಲಿ ಮೇ ತಿಂಗಳ ಗುಡುಗು ಮಳೆಗೆ ನೆನೆಯಲಾರಂಭಿಸಿದ ಹಿತ್ತಲ ಗೋಡೆ ಅಕ್ಟೋಬರಿನ ಮಳೆ ಮುಗಿಯುವವರೆಗೆ ಸರಿಯಾಗಿ ಒಣಗುವುದಿಲ್ಲ. ಗೋಡೆ ಮತ್ತು ನೆಲ ಸೇರುವ ಬಿರುಕಿನಿಂದ ಹುಳು ಮೇಲೆ ಬಂದು, ಬೆಳಕೂ ಒಣಗಾಳಿಯೂ ತಾಗದಂತೆ ಮಣ್ಣಿನ ಸುರಂಗ ಕಟ್ಟಿಕೊಂಡು ನೇರವಾಗಿ ಪೆಟ್ಟಿಗೆಯೊಳಗೆ ಸೇರಿತು. ಹೊರಗಿನಿಂದ ನೋಡಿದರೆ ಪೆಟ್ಟಿಗೆಗಳು ನಾನು ಜೋಡಿಸಿದ ಹಾಗೆಯೇ ಇದ್ದವು. ಎತ್ತಲು ಹೋದರೆ ತಳ ಕಳಚಿ ಮಣ್ಣು ಸುರಿಯಿತು. ಕ್ರಯಪತ್ರದ ದೃಢೀಕೃತ ನಕಲು ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ದೊರೆಯಿತು. ಆಲ್ಬಮ್ಮುಗಳಲ್ಲಿ ಉಳಿದದ್ದು ಮೂಲೆ ತಿಂದ ಹದಿನಾಲ್ಕು ಫೋಟೋಗಳು. ನೆಲದ ಅಂಚಿನುದ್ದಕ್ಕೂ ತೂತು ಕೊರೆಸಿ ಔಷಧಿ ಹಾಕಿಸಿದೆವು. ಆ ತೂತುಗಳಿಗೆ ತುಂಬಿದ ಬಿಳಿ ಸಿಮೆಂಟು ಈಗಲೂ ಕೆಂಪು ನೆಲದ ಮೇಲೆ ಚುಕ್ಕೆಯಿಟ್ಟ ಹಾಗೆ ಕಾಣುತ್ತದೆ. ಭಾನುವಾರಕ್ಕೊಮ್ಮೆ ಗಾಳಿಯಾಡಿದ ಉಳಿದ ಕೋಣೆಗಳಲ್ಲಿ ಜೇಡರ ಬಲೆಯೂ ಇರಲಿಲ್ಲ.

ಆದ್ದರಿಂದ ಹೇಗೆ ಕಟ್ಟಿಡಬೇಕೆಂಬ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಆರು ತಿಂಗಳಿಗೆ ಮನೆಯನ್ನು ಕಟ್ಟಿಡುವ ಅಗತ್ಯವೇ ಇಲ್ಲ. ಸಾಮಾನು ಇದ್ದಲ್ಲಿಯೇ ಇರಲಿ. ಗೋದಾಮಿನ ಮಾತಂತೂ ಬೇಡ, ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಪಾತ್ರೆಪಡಗ ಒಡೆಸಿಕೊಳ್ಳಲು ದುಡ್ಡು ಕೊಟ್ಟಂತೆ. ಕಾಗದಪತ್ರ ಮತ್ತು ಫೋಟೋಗಳನ್ನು ಮಾತ್ರ ಕಬ್ಬಿಣದ ಬೀರುವಿನಲ್ಲಿಟ್ಟು, ಬೀರುವನ್ನು ಗೋಡೆಯಿಂದ ಒಂದು ಗೇಣು ಮುಂದಕ್ಕೆ ಎಳೆಯಿರಿ. ಫ್ರಿಜ್ಜನ್ನು ಬರಿದು ಮಾಡಿ ಬಾಗಿಲನ್ನು ಓರೆಯಾಗಿ ತೆರೆದಿಡಿ, ಗ್ಯಾಸಿನ ರೆಗ್ಯುಲೇಟರ್ ತೆಗೆದಿಡಿ. ಬಚ್ಚಲಿನ ಜಾಲರಿಯ ಕೆಳಗೆ ನಿಂತ ನೀರು ಆರಿದರೆ ಮೋರಿಯ ವಾಸನೆಯೂ ಜಿರಳೆಯೂ ಮನೆಯೊಳಗೆ ಬರುತ್ತವೆ, ವಾರಕ್ಕೊಂದು ಚೊಂಬು ನೀರು ಹಾಕಲು ಯಾರಿಗಾದರೂ ಹೇಳಿ. ಪ್ರೀಪೇಯ್ಡ್ ಸಿಮ್ಮನ್ನು 90 ದಿನ ಬಳಸದಿದ್ದರೆ ಸಂಖ್ಯೆಯೇ ಕೈತಪ್ಪಬಹುದು, ಬ್ಯಾಂಕಿನ ಓಟಿಪಿ ಬರುವುದು ಅದಕ್ಕೇ ಆದ್ದರಿಂದ ರೀಚಾರ್ಜನ್ನೂ ರೋಮಿಂಗನ್ನೂ ಮೊದಲೇ ಮಾಡಿಸಿಕೊಳ್ಳಿ. ನಿಮ್ಮ ಕಟ್ಟುವ ಉತ್ಸಾಹವೆಲ್ಲ 23 ಕಿಲೋದ ಸೂಟ್‌ಕೇಸುಗಳಿಗೆ, ಬಾಣಂತಿಯ ಅಂಟಿನುಂಡೆಗೆ, ವೈದ್ಯರ ಚೀಟಿಯ ಸಮೇತ ನಿಮ್ಮ ಔಷಧಿಗಳಿಗೆ ಮೀಸಲಾಗಿರಲಿ.

ಇನ್ನು ಬೀಗದ ಕೈ. ಎರಡನೆಯ ಮೊಮ್ಮಗುವಿಗೆಂದು ಫೆಬ್ರವರಿಯಲ್ಲಿ ಹೊರಟಾಗ ಗೊಂಚಲನ್ನು ಪೂರ್ತಿಯಾಗಿ ಎದುರು ಮನೆಯವರ ಕೈಗೆ ಕೊಟ್ಟೆ. ನೋಡಿಕೊಳ್ಳಿ ಎಂದು ಕೇಳಿಕೊಂಡರೆ ಅದು ಅವರಿಗೆ ಹೊರೆಯಾಗುತ್ತದೆ. ಅದಕ್ಕಾಗಿ, ನಮ್ಮ ತಾರಸಿಗೆ ಬಿಸಿಲು ಚೆನ್ನಾಗಿ ಬೀಳುತ್ತದೆ, ನಿಮ್ಮದೇ ಎಂದುಕೊಂಡು ಬಳಸಿಕೊಳ್ಳಿ ಎಂದೆ. ಆ ಬೇಸಿಗೆಯಲ್ಲಿ ಅವರು ಅಕ್ಕಿ ಸಂಡಿಗೆ ಒಣಗಿಸಲು ದಿನಕ್ಕೆ ಎರಡು ಸಲ ನಮ್ಮ ಮನೆಯೊಳಗಿಂದಲೇ ಹತ್ತಿ ಇಳಿದರಂತೆ. ಜುಲೈಯಲ್ಲಿ ನಾವು ಬಂದು ಬಾಗಿಲು ತೆರೆದಾಗ ಊಟದ ಮೇಜಿನ ಮೇಲೆ ಒಂದು ಡಬ್ಬ ಸಂಡಿಗೆ ನಮಗೆಂದು ಇಟ್ಟಿದ್ದರು.