ಓದುಗರ ಪ್ರಶ್ನೆ: ಕೂರ್ಲೆಂಡಿನ ಡ್ಯೂಕರು ಮತ್ತು ದುರ್ಗದ ನಾಯಕರು

ಪ್ರಶ್ನೆ: ಯುರೋಪಿನ ಕೂರ್ಲೆಂಡ್ ಎಂಬಲ್ಲಿ ಆಳುತ್ತಿದ್ದ ಡ್ಯೂಕರು ಪೋಲೆಂಡ್ ದೊರೆಯ ಸಾಮಂತರಾಗಿದ್ದರಂತೆ. ಹಾಗಾದರೆ ಅವರೂ ನಮ್ಮ ಪಾಳೇಗಾರರ ಥರದವರೇ?
— ಶಿಕ್ಷಕರೊಬ್ಬರು, ಚಿತ್ರದುರ್ಗ

ಉತ್ತರ: ಅರ್ಧ ಹೌದು. ಲಿವೋನಿಯಾವನ್ನು (ಈಗಿನ ಲಾಟ್ವಿಯಾ, ಎಸ್ಟೋನಿಯಾಗಳ ಸೀಮೆ) ಆಳುತ್ತಿದ್ದ ಕ್ರೈಸ್ತ ಯೋಧರ ಸಂಘ ರಷ್ಯಾದ ದೊರೆ ಇವಾನನ ದಾಳಿಗೆ ನೆಲಕಚ್ಚಿತು. ಅದರ ಕೊನೆಯ ಮುಖ್ಯಸ್ಥ ಗಾಟ್‌ಹಾರ್ಡ್ ಕೆಟ್ಲರ್ 1561ರಲ್ಲಿ ಪೋಲೆಂಡ್ ದೊರೆಗೆ ಶರಣಾಗಿ, ತನಗುಳಿದ ನೆಲಕ್ಕೆ, ಅಂದರೆ ಕೂರ್ಲೆಂಡಿಗೆ, ವಂಶಪಾರಂಪರ್ಯದ ಡ್ಯೂಕನಾದ. ದೊರೆಗೆ ನಿಷ್ಠೆ ತೋರಿಸಬೇಕು, ಪ್ರತಿಯಾಗಿ ಸಂಸ್ಥಾನವನ್ನು ಅನುಭವಿಸಿಕೊಂಡು ಹೋಗಬಹುದು. ಇಲ್ಲಿಯವರೆಗೆ ನಿಮ್ಮ ಹೋಲಿಕೆ ಸರಿ.

ಆದರೆ ಡ್ಯೂಕನ ಕೈ ಕಟ್ಟಿಹಾಕಿದ್ದು ಮೇಲಿನ ದೊರೆಗಿಂತ ಹೆಚ್ಚಾಗಿ ಕೆಳಗಿನ ಜರ್ಮನ್ ಜಮೀನ್ದಾರರು. ಗಾಟ್‌ಹಾರ್ಡನ ಮಗ ವಿಲ್ಹೆಲ್ಮ್ ಅವರನ್ನು ಎದುರು ಹಾಕಿಕೊಂಡ. 1615ರಲ್ಲಿ ವಿರೋಧಿ ಬಣದ ಮುಂದಾಳುಗಳಾಗಿದ್ದ ನೋಲ್ಡೆ ಸಹೋದರರು ರಾಜಧಾನಿ ಮಿಟಾವ್‌ನಲ್ಲಿ ಕೊಲೆಯಾದರು. ಜಮೀನ್ದಾರರು ದೂರನ್ನು ಪೋಲೆಂಡಿಗೆ ಒಯ್ದರು, ವಿಲ್ಹೆಲ್ಮ್ ಪಟ್ಟ ಕಳೆದುಕೊಂಡು ದೇಶ ಬಿಟ್ಟ. 1617ರಲ್ಲಿ ಬಂದ ಆಡಳಿತ ಸನ್ನದು ಜಮೀನ್ದಾರರ ಗೆಲುವೇ ಸರಿ. ಡ್ಯೂಕನ ಪಕ್ಕದಲ್ಲಿ ಅವರದೇ ವರ್ಗದ ನಾಲ್ವರು ಹಿರಿಯ ಮಂತ್ರಿಗಳು ಕೂತರು. ಡ್ಯೂಕ್ ಊರಲ್ಲಿಲ್ಲದಾಗ ಅಧಿಕಾರವೂ ಅವರದೇ. ಹೊಲ ಉಳುವ ಲಾಟ್ವಿಯನ್ ರೈತರಿಗೆ ಇದರಿಂದ ಚಿಕ್ಕಾಸಿನ ಪ್ರಯೋಜನವಾಗಲಿಲ್ಲ. ಅವರ ಜೀತ ತಪ್ಪಿದ್ದು 1817ರಲ್ಲಿ.

ಇನ್ನೊಂದು ವ್ಯತ್ಯಾಸವನ್ನು ಮಕ್ಕಳಿಗೆ ಹೇಳಲೇಬೇಕು. ವಿಜಯನಗರ ಕುಸಿದ ಮೇಲೂ ದುರ್ಗದವರು ತಮ್ಮ ಕಾಲ ಮೇಲೆ ನಿಂತರು, 1779ರಲ್ಲಿ ಹೈದರಾಲಿ ಕೋಟೆ ಹಿಡಿಯುವ ತನಕ. ಕೂರ್ಲೆಂಡಿಗೆ ಆ ತಾಕತ್ತಿರಲಿಲ್ಲ. 1795ರಲ್ಲಿ ಪೋಲೆಂಡನ್ನು ನೆರೆಯವರು ಮೂರನೇ ಸಲ ಹಂಚಿಕೊಂಡು ಮುಗಿಸಿದಾಗ ಇದೂ ರಷ್ಯಾದ ಪಾಲಾಯಿತು. ಒಂದು ಗುಂಡೂ ಹಾರಲಿಲ್ಲ. ಜಮೀನ್ದಾರರ ಸಭೆಯೇ ಶರಣಾಗತಿ ಬರೆದುಕೊಟ್ಟಿತು, ಕೊನೆಯ ಡ್ಯೂಕ್ ಪೀಟರ್ ಬಿರೋನ್ ಪರಿಹಾರ ಪಡೆದು ಪಟ್ಟ ಬಿಟ್ಟ.

ಪ್ರಶ್ನೆ: ಇಷ್ಟು ಚಿಕ್ಕ ಸಂಸ್ಥಾನ ಆಫ್ರಿಕಾ, ಅಮೆರಿಕಗಳಲ್ಲಿ ವಸಾಹತು ಕಟ್ಟಿದ್ದು ನಿಜವೇ? ದುಡ್ಡು ಎಲ್ಲಿಂದ ಬಂತು?
— ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಜ. ಜಮೀನ್ದಾರರ ಅಪ್ಪಣೆಗೆ ಕಾಯಬೇಕಿಲ್ಲದ ಒಂದು ಆದಾಯ ಡ್ಯೂಕನಿಗಿತ್ತು: ಅವನ ಸ್ವಂತ ಜಮೀನು ಮತ್ತು ಕಾಡು. 1642ರಲ್ಲಿ ಪಟ್ಟಕ್ಕೆ ಬಂದ ಯಾಕೋಬ್ ಕೆಟ್ಲರ್ ಆ ಹಣವನ್ನು ಹಡಗುಕಟ್ಟೆ, ಕಬ್ಬಿಣದ ಕುಲುಮೆ, ಹಾಯಿಬಟ್ಟೆ ನೇಯ್ಗೆಗೆ ಹಾಕಿದ. ಮರ, ನಾರು, ಡಾಂಬರು ಎಲ್ಲವೂ ಮನೆಯವೇ, ಹೀಗಾಗಿ ವಿಂಡಾವ್ ಬಂದರಿನಲ್ಲಿ ಹಡಗು ಅಗ್ಗಕ್ಕೆ ತಯಾರಾಗುತ್ತಿತ್ತು. 1651ರಲ್ಲಿ ಗ್ಯಾಂಬಿಯಾ ನದಿಯ ದ್ವೀಪವೊಂದನ್ನು ಸ್ಥಳೀಯ ಅರಸರಿಂದ ಪಡೆದು ಕೋಟೆ ಕಟ್ಟಿದರು. 1654ರಲ್ಲಿ ಕೆರಿಬಿಯನ್ನಿನ ಟೊಬಾಗೋಕ್ಕೆ 80 ಕುಟುಂಬಗಳೂ 124 ಸೈನಿಕರೂ ಇದ್ದ ಹಡಗು ತಲುಪಿತು. ಚಿನ್ನ, ದಂತದ ಜೊತೆ ಗುಲಾಮರ ವ್ಯಾಪಾರವೂ ಇತ್ತು. ಯಾಕೋಬನನ್ನು ಹೊಗಳುವವರು ಇದನ್ನು ನುಂಗಿಬಿಡುತ್ತಾರೆ.

ಕೆಟ್ಟದ್ದು ಎಲ್ಲಿ ಎಂದರೆ, ಎಲ್ಲವೂ ಒಬ್ಬನ ತಲೆಯ ಮೇಲೆ ನಿಂತಿತ್ತು. 1658ರಲ್ಲಿ ಸ್ವೀಡನ್ನಿನ ಸೇನೆ ಡ್ಯೂಕನನ್ನೇ ಸೆರೆ ಹಿಡಿಯಿತು. ಅವನು 1660ರಲ್ಲಿ ಬಿಡುಗಡೆಯಾಗಿ ಬರುವಷ್ಟರಲ್ಲಿ ಕಾರ್ಖಾನೆಗಳು ಹಾಳುಬಿದ್ದಿದ್ದವು. ಟೊಬಾಗೋದಲ್ಲಿ ಅಕ್ಕಪಕ್ಕದಲ್ಲೇ ನೆಲೆಯೂರಿದ್ದ ಡಚ್ಚರು 1659ರಲ್ಲಿ ಕೋಟೆ ಕಿತ್ತುಕೊಂಡಿದ್ದರು. ಗ್ಯಾಂಬಿಯಾದ ದ್ವೀಪ 1661ರಲ್ಲಿ ಇಂಗ್ಲಿಷರಿಗೆ ಹೋಯಿತು. ಅದರ ಈಗಿನ ಹೆಸರು ಕುಂಟಾ ಕಿಂಟೆ ದ್ವೀಪ.

ಪ್ರಶ್ನೆ: ಈಗಿನ ನಕ್ಷೆಯಲ್ಲಿ ಕೂರ್ಲೆಂಡ್ ಹುಡುಕಿದರೆ ಸಿಗುತ್ತಿಲ್ಲ.
— ಕಾಲೇಜು ವಿದ್ಯಾರ್ಥಿನಿ, ಹರಿಹರ

ಉತ್ತರ: ಲಾಟ್ವಿಯಾದ ನಕ್ಷೆ ತೆಗೆಯಿರಿ. ಡೌಗಾವಾ ನದಿಯ ಗುಂಟ ಗೆರೆ ಎಳೆಯಿರಿ. ನದಿಗೆ ದಕ್ಷಿಣಕ್ಕಿರುವ ಭಾಗ, ಪಶ್ಚಿಮದ ಸಮುದ್ರ ತೀರದವರೆಗೆ, ಹೆಚ್ಚುಕಡಿಮೆ ಸಂಸ್ಥಾನದ್ದೇ. ರೀಗಾವನ್ನು ಒಳಗೆ ಸೇರಿಸಬೇಡಿ. ಅದು ಡ್ಯೂಕರ ಕೈಗೆ ಬರಲೇ ಇಲ್ಲ. ಪಶ್ಚಿಮದಲ್ಲಿ ಪಿಲ್ಟೆನ್ ಸೀಮೆ ಬೇರೆಯಾಗಿತ್ತು, ಹಳೆಯ ನಕ್ಷೆಗಳಲ್ಲಿ ಸಂಸ್ಥಾನದ ನಡುವೆ ತೂತು ಕಾಣುವುದು ಅದಕ್ಕೇ. ಹಳೆಯ ಪುಸ್ತಕಗಳಲ್ಲಿರುವುದು ಜರ್ಮನ್ ಹೆಸರುಗಳು: ಮಿಟಾವ್ ಈಗ ಯೆಲ್ಗಾವಾ, ವಿಂಡಾವ್ ಈಗ ವೆಂಟ್ಸ್‌ಪಿಲ್ಸ್, ಗೋಲ್ಡಿಂಗನ್ ಈಗ ಕುಲ್ಡೀಗಾ. ಯೆಲ್ಗಾವಾದ ಅರಮನೆಯಲ್ಲಿ ಈಗ ಕೃಷಿ ಶಿಕ್ಷಣದ ವಿಶ್ವವಿದ್ಯಾಲಯವಿದೆ, ಡ್ಯೂಕರ ಶವಪೆಟ್ಟಿಗೆಗಳು ಅದರ ನೆಲಮಾಳಿಗೆಯಲ್ಲೇ ಇವೆ.